ಡೀಪ್ ಪ್ಯಾನ್ ಪಿಜ್ಜಾ: ತಳ ಬೆಂದರೆ ಎಲ್ಲವೂ ಬೆಂದಂತೆ

ನಾನು ಮೊದಲ ಬಾರಿಗೆ ಮನೆಯಲ್ಲಿ ಡೀಪ್ ಪ್ಯಾನ್ ಪಿಜ್ಜಾ ಮಾಡಿದಾಗ ಚೀಸ್ ಕರಗಿ, ಅಲ್ಲಲ್ಲಿ ಕಂದು ಚುಕ್ಕೆಗಳು ಮೂಡಿ, ಮೇಲ್ನೋಟಕ್ಕೆ ಯಾವ ಕೊರತೆಯೂ ಇರಲಿಲ್ಲ. ಕತ್ತರಿಸಿ ಒಂದು ತುಂಡನ್ನು ಎತ್ತಿದಾಗಲೇ ತಳ ಬಿಳಿಚಿಕೊಂಡಿರುವುದೂ, ಸಾಸಿನ ಕೆಳಗಿನ ಹಿಟ್ಟು ಅಂಟಂಟಾಗಿ ಹಸಿಯಾಗಿಯೇ ಉಳಿದಿರುವುದೂ ಗೊತ್ತಾಯಿತು. ಆಮೇಲಿನ ನಾಲ್ಕೈದು ಪ್ರಯತ್ನಗಳಲ್ಲಿ ಮೇಲೆ ಏನು ಹಾಕಬೇಕೆಂಬ ಚಿಂತೆಯನ್ನು ಬದಿಗಿಟ್ಟು ತಳವೊಂದನ್ನೇ ಗಮನಿಸುತ್ತಾ ಹೋದೆ. ಈಗ ಹಿಟ್ಟು, ಪಾತ್ರೆ, ಎಣ್ಣೆ, ಕಾವು ಎಲ್ಲವನ್ನೂ ತಳಕ್ಕೆ ಏನು ಬೇಕು ಎಂಬ ಲೆಕ್ಕದಿಂದಲೇ ನಿರ್ಧರಿಸುತ್ತೇನೆ.

ಆಳದ ಪಾತ್ರೆಯಲ್ಲಿ ಬೇಯುವ ಪಿಜ್ಜಾಗಳೆಲ್ಲ ಒಂದೇ ಬಗೆಯವಲ್ಲ. ಷಿಕಾಗೊದ ಪಿಜ್ಜೇರಿಯಾ ಉನೊದಲ್ಲಿ 1943ರಲ್ಲಿ ಆರಂಭವಾದ ಡೀಪ್ ಡಿಶ್ ಪಿಜ್ಜಾದಲ್ಲಿ ಹಿಟ್ಟನ್ನು ಪಾತ್ರೆಯ ಗೋಡೆಗಳವರೆಗೆ ಒತ್ತಿ, ಮೊದಲು ಚೀಸ್ ಹಾಕಿ, ಅದರ ಮೇಲೆ ಟೊಮೆಟೊ ಸಾಸ್ ಸುರಿಯುತ್ತಾರೆ. ಅಷ್ಟು ದಪ್ಪದ ಪಿಜ್ಜಾ ಬೇಯಲು ಅರ್ಧ ಗಂಟೆಗೂ ಹೆಚ್ಚು ಹೊತ್ತು ಹಿಡಿಯುವುದರಿಂದ ಚೀಸ್ ಮೇಲಿದ್ದರೆ ಸೀದುಹೋಗುತ್ತದೆ. 1940ರ ದಶಕದಲ್ಲೇ ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಪಿಜ್ಜಾ ಚೌಕಾಕಾರದ ಉಕ್ಕಿನ ತಟ್ಟೆಯಲ್ಲಿ ಬೇಯುತ್ತದೆ; ಅದರ ಒಳಭಾಗ ಬ್ರೆಡ್ಡಿನಂತೆ ಹಗುರ, ಅಂಚಿನಲ್ಲಿ ಚೀಸ್ ಕರಿದಂತೆ ಗರಿಗರಿ. ನಾನು ಮಾಡುವುದು ದುಂಡಗಿನ ಪಾತ್ರೆಯಲ್ಲಾದರೂ ಗುಣದಲ್ಲಿ ಎರಡನೆಯದಕ್ಕೇ ಹತ್ತಿರ.

ಹತ್ತು ಅಂಗುಲದ ಬೀಡಿನ ಬಾಣಲೆಗೆ 250 ಗ್ರಾಂ ಮೈದಾ, 175 ಮಿಲಿಲೀಟರ್ ನೀರು, 5 ಗ್ರಾಂ ಉಪ್ಪು, 2 ಗ್ರಾಂ ಇನ್‌ಸ್ಟಂಟ್ ಯೀಸ್ಟ್ ಮತ್ತು ಒಂದು ಚಮಚ ಆಲಿವ್ ಎಣ್ಣೆ ಸಾಕು. ಲೋಟದ ಅಳತೆಗಿಂತ ತೂಕವನ್ನೇ ನಂಬುವುದು ಒಳ್ಳೆಯದು, ಏಕೆಂದರೆ ಒತ್ತಿ ತುಂಬಿದ ಒಂದು ಲೋಟ ಹಿಟ್ಟಿಗೂ ಸಡಿಲವಾಗಿ ತುಂಬಿದ ಒಂದು ಲೋಟಕ್ಕೂ ಇರುವ ವ್ಯತ್ಯಾಸವೇ ಹದವನ್ನು ಕೆಡಿಸಬಲ್ಲದು. ಇದರಲ್ಲಿ ನೀರು ಹಿಟ್ಟಿನ ತೂಕದ ಶೇಕಡಾ 70ರಷ್ಟಿದೆ. ಕಲಸಿದಾಗ ಹಿಟ್ಟು ಬೆರಳಿಗೆ ಮೆತ್ತಿಕೊಳ್ಳುತ್ತದೆ; ಆಗ ಇನ್ನಷ್ಟು ಮೈದಾ ಉದುರಿಸಬೇಕೆನ್ನಿಸುವುದು ಸಹಜ, ಆದರೆ ದಯವಿಟ್ಟು ಉದುರಿಸಬೇಡಿ. ಹಿಟ್ಟು ಸಡಿಲವಾಗಿದ್ದರೇನೇ ಅದು ಒಲೆಯ ಕಾವಿಗೆ ಉಬ್ಬಿ, ಒಳಗೆ ದೊಡ್ಡ ದೊಡ್ಡ ಗೂಡುಗಳಾಗಿ ತೆರೆದುಕೊಳ್ಳುವುದು.

ಇದನ್ನು ನಾದುವ ಶ್ರಮವೂ ಬೇಕಿಲ್ಲ. ಒಣ ಹಿಟ್ಟು ಕಾಣದಷ್ಟು ಕಲಸಿ, ಅರ್ಧ ಗಂಟೆ ಮುಚ್ಚಿಟ್ಟು, ಅನಂತರ ಕೈ ಒದ್ದೆ ಮಾಡಿಕೊಂಡು ಹಿಟ್ಟಿನ ಒಂದೊಂದೇ ಬದಿಯನ್ನು ಎಳೆದು ನಡುವಿಗೆ ಮಡಚುತ್ತೇನೆ. ಅರ್ಧ ಗಂಟೆಯ ಅಂತರದಲ್ಲಿ ಹೀಗೆ ಮೂರು ಬಾರಿ ಮಡಚುವಷ್ಟರಲ್ಲಿ, ಮೊದಲು ಹರಿದುಹೋಗುತ್ತಿದ್ದ ಮುದ್ದೆ ನುಣುಪಾಗಿ, ಎಳೆದರೆ ಪರದೆಯಂತೆ ಹಿಗ್ಗುತ್ತದೆ. ಮೈದಾದಲ್ಲಿರುವ ಪ್ರೋಟೀನುಗಳು ನೀರಿನಲ್ಲಿ ನೆನೆದು ಗ್ಲುಟೆನ್ ಎಂಬ ಜಾಲವಾಗಿ ತಾವಾಗಿಯೇ ಹೆಣೆದುಕೊಳ್ಳುವುದರಿಂದ ಹೀಗಾಗುತ್ತದೆ. ಆಮೇಲೆ ಎಣ್ಣೆ ಸವರಿದ ಡಬ್ಬಿಯಲ್ಲಿ ಮುಚ್ಚಿ ಒಂದು ಇಡೀ ದಿನ ಫ್ರಿಜ್ಜಿನಲ್ಲಿಡುತ್ತೇನೆ. ತಂಪಿನಲ್ಲಿ ಯೀಸ್ಟ್ ನಿಧಾನವಾಗಿ ಕೆಲಸ ಮಾಡುತ್ತದೆ, ಹುದುಗು ಮಾಗುತ್ತದೆ, ಹಿಟ್ಟಿಗೆ ತೆಳುವಾದ ಹುಳಿವಾಸನೆ ಬರುತ್ತದೆ. ಎರಡು ಗಂಟೆಯಲ್ಲಿ ಉಬ್ಬಿಸಿದ ಹಿಟ್ಟಿನಿಂದಲೂ ಪಿಜ್ಜಾ ಆಗುತ್ತದೆ ಎಂಬುದು ನಿಜ. ಆದರೆ ದಪ್ಪ ಪಿಜ್ಜಾದಲ್ಲಿ ಬಾಯಿಗೆ ಬರುವುದು ಹೆಚ್ಚಾಗಿ ಹಿಟ್ಟೇ ಆದ್ದರಿಂದ, ಅದಕ್ಕೆ ಸ್ವಂತ ರುಚಿ ಇಲ್ಲದಿದ್ದರೆ ಮೇಲೆ ಏನು ಹಾಕಿದರೂ ಸಪ್ಪೆಯೇ.

ಮರುದಿನ ಬಾಣಲೆಗೆ ಎರಡು ದೊಡ್ಡ ಚಮಚ ಎಣ್ಣೆ ಹಾಕಿ, ತಳಕ್ಕೂ ಗೋಡೆಗೂ ಚೆನ್ನಾಗಿ ಸವರಬೇಕು. ಇದು ಅಂಟದಿರಲೆಂದು ಸವರುವ ಎಣ್ಣೆಯಷ್ಟೇ ಅಲ್ಲ, ತಳವನ್ನು ಕರಿಯುವ ಎಣ್ಣೆ. ಇಲ್ಲಿ ಕೈ ಹಿಡಿದರೆ ಪಿಜ್ಜಾ ಬ್ರೆಡ್ಡಾಗಿಬಿಡುತ್ತದೆ. ಹಿಟ್ಟನ್ನು ಅದರಲ್ಲಿಟ್ಟು ಬೆರಳ ತುದಿಗಳಿಂದ ಅಂಚಿನತ್ತ ಒತ್ತುವಾಗ ಅದು ಮತ್ತೆ ಮತ್ತೆ ಹಿಂದಕ್ಕೆ ಸರಿದರೆ ಜಗ್ಗಾಡಬಾರದು. ಹದಿನೈದು ನಿಮಿಷ ಮುಚ್ಚಿಟ್ಟರೆ ಬಿಗಿ ತಾನಾಗಿಯೇ ಸಡಿಲುತ್ತದೆ. ಹೀಗೆ ಹರಡಿದ ಹಿಟ್ಟು ಬಾಣಲೆಯಲ್ಲೇ ಸುಮಾರು ಎರಡು ಗಂಟೆ ಉಬ್ಬಬೇಕು. ಬಾಣಲೆಯನ್ನು ಮೆಲ್ಲಗೆ ಅಲುಗಿಸಿದಾಗ ಹಿಟ್ಟು ತುಳುಕುವಂತೆ ನಡುಗಿದರೆ ಅದು ಸಿದ್ಧವಾಗಿದೆ ಎಂದರ್ಥ.

ಸಾಸಿಗೆ ನಾನು ಒಲೆ ಹಚ್ಚುವುದಿಲ್ಲ. ಕಿವುಚಿದ ಟೊಮೆಟೊವನ್ನು ಜರಡಿಯಲ್ಲಿಟ್ಟು ನೀರು ಬಸಿದು, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಸ್ವಲ್ಪ ಒರೆಗಾನೊ ಬೆರೆಸಿದರೆ ಮುಗಿಯಿತು. ಚೀಸಿನಲ್ಲೂ ನೀರೇ ಶತ್ರು: ನೀರಿನಲ್ಲಿ ತೇಲಿಸಿಟ್ಟ ತಾಜಾ ಮೊಝರೆಲ್ಲಾ ಇಲ್ಲಿ ಕೆಲಸಕ್ಕೆ ಬಾರದು, ಕಡಿಮೆ ತೇವದ ಗಟ್ಟಿ ಮೊಝರೆಲ್ಲಾವೇ ಬೇಕು. ಸುಮಾರು 180 ಗ್ರಾಂ ಚೀಸ್ ತುರಿದು, ಹಿಟ್ಟು ಬಾಣಲೆಗೆ ತಾಗುವ ಕೊನೆಯ ಅಂಚಿನವರೆಗೂ ಹರಡಿ, ಸಾಸನ್ನು ಮಾತ್ರ ಅಂಚಿನಿಂದ ಒಂದು ಬೆರಳು ಒಳಗೇ ನಿಲ್ಲಿಸುತ್ತೇನೆ. ಬಿಸಿ ಕಬ್ಬಿಣಕ್ಕೆ ತಾಗಿದ ಚೀಸ್ ಅಲ್ಲಿ ಇಳಿದು, ಕಂದುಬಣ್ಣಕ್ಕೆ ತಿರುಗಿ, ಜಾಲರಿಯಂತೆ ಗಟ್ಟಿಯಾಗುತ್ತದೆ. ನನ್ನ ಮಟ್ಟಿಗೆ ಇಡೀ ಪಿಜ್ಜಾದಲ್ಲಿ ಅದಕ್ಕಿಂತ ರುಚಿಯಾದ ಭಾಗ ಇನ್ನೊಂದಿಲ್ಲ.

ಓವನ್ನನ್ನು 250 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು ಅರ್ಧ ಗಂಟೆ ಮುಂಚೆಯೇ ಕಾಯಿಸಿ, ಬಾಣಲೆಯನ್ನು ಎಲ್ಲಕ್ಕಿಂತ ಕೆಳಗಿನ ಹಂತದಲ್ಲಿಡುತ್ತೇನೆ. ಸುಮಾರು ಹದಿನೆಂಟು ನಿಮಿಷಗಳ ನಂತರ ತೆಳುವಾದ ಮಗುಚುವ ಕೈಯನ್ನು ಅಂಚಿನಿಂದ ತೂರಿಸಿ ತಳವನ್ನು ಎತ್ತಿ ನೋಡುವುದೇ ಈಗ ನನ್ನ ಪದ್ಧತಿ. ಮೇಲ್ಭಾಗ ಬೆಂದು ತಳ ಮಾತ್ರ ಬಿಳಿಯಾಗಿದ್ದರೆ ಬಾಣಲೆಯನ್ನು ಒಲೆಯ ಮೇಲೆ ಮಧ್ಯಮ ಉರಿಯಲ್ಲಿಟ್ಟು, ಆಗಾಗ ತಿರುಗಿಸುತ್ತಾ, ಎರಡು ಮೂರು ನಿಮಿಷ ಕಾಯುತ್ತೇನೆ. ಎಣ್ಣೆ ಚುರುಗುಟ್ಟುವ ಸದ್ದು ಅಂಚಿನ ಸುತ್ತಲೂ ಒಂದೇ ಸಮನೆ ಕೇಳಿಬರುತ್ತದೆ, ಆ ಹೊತ್ತಿಗೆ ತಳ ಹೊಂಬಣ್ಣಕ್ಕೆ ತಿರುಗಿರುತ್ತದೆ.

ಬೆಂದ ಪಿಜ್ಜಾವನ್ನು ತಟ್ಟೆಗೆ ಹಾಕಿದರೆ ಅದರದೇ ಹಬೆ ಕೆಳಗೆ ಸಿಕ್ಕಿಕೊಂಡು ಗರಿಗರಿ ತಳವನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ಬಾಣಲೆಯಿಂದ ತೆಗೆದವನೇ ಅದನ್ನು ತಂತಿಯ ಜಾಲರಿಯ ಮೇಲೆ ಐದು ನಿಮಿಷ ಇಟ್ಟು, ಆಮೇಲಷ್ಟೇ ಕತ್ತರಿಸುತ್ತೇನೆ. ಚಾಕು ಚೀಸನ್ನು ದಾಟಿ, ಮೆತ್ತನೆಯ ನಡುವನ್ನು ದಾಟಿ, ಕೊನೆಗೆ ತಳಕ್ಕೆ ತಾಗಿದಾಗ ಕರಕ್ ಎಂದು ಸದ್ದಾಗುತ್ತದೆ.