ಆರ್ಗನ್, ಗಿಟಾರ್, ಒಂದು ಕಂಠ: ಆಲ್ಬಮ್ ಎಲ್ಲಿಗೆ ಬಂದಿದೆ

ನಮ್ಮ ಜಾಝ್ ಆಲ್ಬಮ್ಮಿನ ಹಾಡುಗಳ ಪಟ್ಟಿ ಕೊನೆಗೂ ಒಂದು ಹದಕ್ಕೆ ಬಂದಿದೆ. 1930ರಲ್ಲಿ ಪ್ರಕಟವಾದ ‘ಬಾಡಿ ಅಂಡ್ ಸೋಲ್’, ‘ಜಾರ್ಜಿಯಾ ಆನ್ ಮೈ ಮೈಂಡ್’ ಎರಡೂ ಉಳಿದುಕೊಂಡಿವೆ. 2026ರ ಜನವರಿ 1ರಿಂದ ಈ ಎರಡು ಕೃತಿಗಳೂ ಅಮೆರಿಕದಲ್ಲಿ ಹಕ್ಕುಸ್ವಾಮ್ಯದಿಂದ ಮುಕ್ತವಾಗಿರುವುದರಿಂದ ಇವುಗಳಿಗೆ ಪರವಾನಗಿಯ ಓಡಾಟವಿಲ್ಲ. ಆಮೇಲಿನ ವರ್ಷಗಳ ಹಾಡುಗಳಿಗೆ ಅರ್ಜಿ ಹಾಕಬೇಕು.

ನಾವಿರುವುದು ಫಿಲಡೆಲ್ಫಿಯಾದಲ್ಲಿ. ಜಾಝ್ ಆರ್ಗನ್ ವಾದಕರಾದ ಶರ್ಲಿ ಸ್ಕಾಟ್, ಟ್ರೂಡಿ ಪಿಟ್ಸ್, ಜಿಮ್ಮಿ ಮೆಕ್‌ಗ್ರಿಫ್ ಹುಟ್ಟಿದ ಊರು ಇದು. ಇನ್ನೊಬ್ಬ ಆರ್ಗನ್ ವಾದಕ ಜಿಮ್ಮಿ ಸ್ಮಿತ್ ಅವರ ನಾರಿಸ್‌ಟೌನ್ ಕೂಡ ಪಕ್ಕದಲ್ಲೇ ಇದೆ. ಜಾಝ್ ಹಾಡಿಗೆ ಪಿಯಾನೊ ಬಿಟ್ಟು ವಿದ್ಯುತ್ತಿನಿಂದ ನುಡಿಯುವ ಹ್ಯಾಮಂಡ್ ಆರ್ಗನ್ ಏಕೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ.

ಈ ತಿಂಗಳ ಕೆಲಸವೆಲ್ಲ ‘ಬಾಡಿ ಅಂಡ್ ಸೋಲ್’ ಸುತ್ತಲೇ ನಡೆಯಿತು. ವಾದ್ಯಗಾರರು ಸಾಮಾನ್ಯವಾಗಿ ಇದನ್ನು ಡಿ ಫ್ಲಾಟ್ ಶ್ರುತಿಯಲ್ಲಿ ನುಡಿಸುತ್ತಾರೆ. ನಮ್ಮ ಗಾಯಕಿಯ ಕಂಠಕ್ಕೆ ಎ ಫ್ಲಾಟ್ ಒಪ್ಪಿತು. ಆಗ ನಡುವಿನ ಎಂಟು ಬಾರ್‌ಗಳು (ತಾಳದ ಆವರ್ತಗಳು) ಮೊದಲು ಎ, ಆಮೇಲೆ ಜಿ ಶ್ರುತಿಗೆ ಹೊರಳುತ್ತವೆ. ಗಿಟಾರ್ ಹಿಡಿದವನಾಗಿ ನನಗೆ ಅದು ಹಬ್ಬ: ತೆರೆದ ತಂತಿಗಳು ತಾವಾಗಿಯೇ ಕೈಗೆ ಸಿಗುತ್ತವೆ. ಆದರೆ ಗಾಯಕಿಯ ಸ್ವರ ಮಂದ್ರದ ಕಡೆಗೆ ಇಳಿಯಿತು. ಆರ್ಗನ್ನಿನ ತುಂಬು ನಾದ ಇರುವುದೂ ಅದೇ ಜಾಗದಲ್ಲಿ.

ಪಿಯಾನೊದ ಸ್ವರ ಹುಟ್ಟಿದ ಕ್ಷಣದಿಂದಲೇ ಕರಗತೊಡಗುತ್ತದೆ. ನಮ್ಮ ಆರ್ಗನ್ ಮಾದರಿಯಾದ ಹ್ಯಾಮಂಡ್ ಬಿ-3ಯೊಳಗೆ 91 ಲೋಹದ ಚಕ್ರಗಳು ಸದಾ ತಿರುಗುತ್ತಿರುತ್ತವೆ. ಕೀಲಿ ಒತ್ತಿರುವವರೆಗೆ, ಹಾರ್ಮೋನಿಯಂನಲ್ಲಿ ತಿದಿ ಒತ್ತುತ್ತಲೇ ಇದ್ದಂತೆ, ನಾದ ಬಾಡುವುದಿಲ್ಲ. ನಾದದ ಬಣ್ಣ ಹೊಂದಿಸುವ ಎಳೆಗೋಲುಗಳಾದ ಡ್ರಾಬಾರ್‌ಗಳಲ್ಲಿ ಮೊದಲ ಮೂರನ್ನು ಪೂರ್ತಿ ಎಳೆದು, ಸ್ವರದ ಆರಂಭಕ್ಕೆ ಮೊನೆ ಕೊಡುವ ಪರ್ಕಶನ್ ಸೇರಿಸುವ ಜಿಮ್ಮಿ ಸ್ಮಿತ್ ಶೈಲಿಯ ನಾದ ಸೋಲೋಗೆ ಅದ್ಭುತ. ಹಾಡಿನ ಕೆಳಗೆ ಅದನ್ನೇ ಇಟ್ಟರೆ ಪದಗಳು ಮುಚ್ಚಿಹೋಗುತ್ತವೆ. ಧ್ವನಿ ತಗ್ಗಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಗಾಯಕಿ ಸಾಲಿನ ನಡುವೆ ಬಿಡುವ ಮೌನವನ್ನೂ ಆ ನಾದ ತುಂಬಿಬಿಡುತ್ತದೆ.

ಹಾಗಾಗಿ ಈಗ ಒಂದು ಒಪ್ಪಂದಕ್ಕೆ ಬಂದಿದ್ದೇವೆ: ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ನುಡಿಸುವವರು ಒಂದು ಹೊತ್ತಿಗೆ ಒಬ್ಬರೇ. ಮೊದಲ ಹದಿನಾರು ಬಾರ್‌ಗಳಲ್ಲಿ ಆರ್ಗನ್ ವಾದಕರು ಬಲಗೈ ಎತ್ತಿಬಿಡುತ್ತಾರೆ. ಎಡಗೈಯಲ್ಲಿ ಬೇಸ್ (ತಗ್ಗಿನ ಸ್ವರಗಳ ಸಾಲು) ನಡೆಯುತ್ತದೆ, ಎಡಗಾಲು ಪೆಡಲನ್ನು ಲಘುವಾಗಿ ತಟ್ಟಿ ಪ್ರತಿ ಸ್ವರಕ್ಕೂ ಒಂದು ಮೊನೆ ಕೊಡುತ್ತದೆ. ಮೂಲಸ್ವರ ಅಲ್ಲಿ ಸಿಗುವುದರಿಂದ ನಾನು ಅದನ್ನು ಬಿಟ್ಟು, ನಡುವಿನ ಎರಡು ತಂತಿಗಳಲ್ಲಿ ಕಾರ್ಡ್‌ನ ಮೂರನೆಯ, ಏಳನೆಯ ಸ್ವರಗಳನ್ನಷ್ಟೇ ನುಡಿಸುತ್ತೇನೆ. ಕೇಳುಗರಿಗೆ ಹಾಡಿನ ಬಣ್ಣ ತಿಳಿಯಲು ಅವೆರಡೇ ಸಾಕು. ನಡುಭಾಗದಲ್ಲಿ ಶ್ರುತಿ ಹೊರಳುವಾಗ ಆರ್ಗನ್ನಿನ ಬಲಗೈ ಮೇಲಿನ ಸ್ಥಾಯಿಯಲ್ಲಿ, ಪರ್ಕಶನ್ ಇಲ್ಲದೆ ಒಳಗೆ ಬರುತ್ತದೆ, ನಾನು ನಿಲ್ಲಿಸುತ್ತೇನೆ. ಆ ಜಾಗದಲ್ಲಿ ಗಾಯಕಿ ಉಸಿರು ತೆಗೆದುಕೊಳ್ಳುವ ರೀತಿಯೇ ಬದಲಾಯಿತು. ಅವರು ಸಾಲನ್ನು ತಾಳದಿಂದ ಕೊಂಚ ಹಿಂದೆ ಸರಿಸಿ, ಆರ್ಗನ್ನಿನ ಮೇಲೆ ಒರಗಿಕೊಂಡು ಹಾಡುತ್ತಾರೆ. ಇಡೀ ಆಲ್ಬಮ್ಮಿನಲ್ಲಿ ನನಗೆ ಇದುವರೆಗೆ ತುಂಬ ಪ್ರಿಯವಾದ ಎಂಟು ಬಾರ್‌ಗಳು ಇವೇ.

ಪರ್ಕಶನ್ ಬಗ್ಗೆ ಒಂದು ಮಾತು. ಹಿಡಿದ ಕೀಲಿಗಳನ್ನೆಲ್ಲ ಬಿಟ್ಟು ಮತ್ತೆ ಒತ್ತಿದಾಗ ಮಾತ್ರ ಅದು ನುಡಿಯುತ್ತದೆ. ಜೋಡಿಸಿ ನುಡಿಸಿದರೆ ಮೊದಲ ಸ್ವರಕ್ಕಷ್ಟೇ ಮೊನೆ. ಒಳ್ಳೆಯ ಆರ್ಗನ್ ವಾದಕರ ಬೆರಳುಗಳು ಅಷ್ಟೊಂದು ಚುರುಕಾಗಿ ಬಿಡಿಸಿ ಬಿಡಿಸಿ ಓಡುವುದು ಅದಕ್ಕೇ.

ಒಳಗಿನ ಭಾಗಗಳು ತಿರುಗುತ್ತ ಆರ್ಗನ್ ನಾದವನ್ನು ಅಲೆಯಾಗಿಸುವ ಲೆಸ್ಲಿ ಸ್ಪೀಕರನ್ನು ಪಕ್ಕದ ಕೋಣೆಗೆ ಸಾಗಿಸಿದ್ದೇವೆ. ತಿರುಗುವ ಕಹಳೆಗೆ ಎರಡು ಮೈಕ್, ಅದರ ಕೆಳಗೆ ತಿರುಗುವ ಡ್ರಮ್ಮಿಗೆ ಒಂದು. ನಿಧಾನಗತಿಯಲ್ಲೇ ಇಟ್ಟು, ಕೊನೆಯ ಸಾಲಿನಲ್ಲಿ ಮಾತ್ರ ವೇಗಕ್ಕೆ ಬಿಡುತ್ತೇವೆ. ಬದಲಾದ ತಕ್ಷಣ ಅದು ವೇಗ ಹಿಡಿಯುವುದಿಲ್ಲ; ಆ ಏರುವಿಕೆಯೇ ಸೊಗಸು. ಗಾಯಕಿಗೆ ಮಾತ್ರ ಹೆಡ್‌ಫೋನ್ ಹಾಕಿಕೊಂಡು ಹಾಡುವುದು ಹಿಡಿಸುತ್ತಿಲ್ಲ. ಮುಂದಿನ ಸಲ ಆಂಪ್ಲಿಫೈಯರ್ ಬಹಳ ತಗ್ಗಿಸಿ ನಾನು ಅವರ ಎದುರಿಗೇ ಕೂತುಕೊಳ್ಳುತ್ತೇನೆ, ಆರ್ಗನ್ ಸದ್ದು ಅವರಿಗೆ ಒಂದೇ ಕಿವಿಯಲ್ಲಿ ಸಿಗುವಂತೆ ಮಾಡುತ್ತೇವೆ. ‘ಜಾರ್ಜಿಯಾ’ದ ಶ್ರುತಿ ಇನ್ನೂ ಗೊತ್ತಾಗಬೇಕು. ಎಫ್ ಅಥವಾ ಡಿ, ಎರಡರಲ್ಲೂ ಹಾಡಿ ನೋಡುತ್ತೇವೆ.