ಮೊದಲು ಅವ್ವ, ಆಮೇಲೆ ಡ್ರಮ್ಸ್

ಬಳ್ಳಾರಿ ಕೌಲ್ ಬಜಾರಿನ ಒಂದು ಮಹಡಿ ಮೇಲೆ ನನ್ನ ರೆಕಾರ್ಡಿಂಗ್ ರೂಮು ಇದೆ. ಬೋರ್ಡಿನಲ್ಲಿ ಸ್ಟುಡಿಯೋ ಅಂತ ಬರೆಸಿದ್ದೇನೆ, ಬಂದವರೆಲ್ಲ ರೂಮು ಅಂತಲೇ ಕರೀತಾರೆ. ಹೊಟ್ಟೆ ತುಂಬಿಸೋದು ಚುನಾವಣೆ ಪ್ರಚಾರದ ಹಾಡು, ಜಾತ್ರೆ ಭಕ್ತಿಗೀತೆ, ಶಾಲೆ ಗ್ಯಾದರಿಂಗಿನ ಟ್ರ್ಯಾಕು. ಕೆಳಗಡೆ ಜೀನ್ಸ್ ಹೊಲಿಯೋ ಯೂನಿಟ್. ಅವರ ಮಷಿನ್ನು ನಿಲ್ಲೋದು ರಾತ್ರಿ ಒಂಬತ್ತೂವರೆಗೆ, ನನ್ನ ಮೈಕು ಏಳೋದು ಹತ್ತಕ್ಕೆ.

ಹೋದ ಬೇಸಿಗೆಯಲ್ಲಿ ನಾಲ್ಕು ಹುಡುಗರು ಗಿಟಾರು ಹೊತ್ಕೊಂಡು ಬಂದರು. ರಾಕ್ ಬ್ಯಾಂಡು. ಎಂಟು ಹಾಡಿನ ಆಲ್ಬಮ್ ಮಾಡಬೇಕಂತೆ. ಮೂರರಲ್ಲಿ ತಂಬೂರಿ ಹಿಡಿದು ಕಥೆ ಹಾಡೋ ಬುರ್ರಕಥೆ, ಎರಡರಲ್ಲಿ ಕಂಪನಿ ನಾಟಕದ ಕಾಲು ಪೇಟಿ (ಕಾಲಲ್ಲಿ ಗಾಳಿ ಒತ್ತೋ ಹಾರ್ಮೋನಿಯಂ), ಒಂದರಲ್ಲಿ ಕವ್ವಾಲಿ ಚಪ್ಪಾಳೆ. ಅಂತೂ 'ನಿಮ್ಮ ಅಮೂಲ್ಯ ಮತ' ಅನ್ನೋ ಸಾಲಿಲ್ಲದ ಕೆಲಸ ಸಿಕ್ಕಿತಲ್ಲ ಅಂತ ಒಳಗೊಳಗೇ ಖುಷಿಪಟ್ಟೆ.

ನಾನು ಕಲಿತದ್ದು ಒಂದೇ ಕ್ರಮ. ಮೊದಲು ಕ್ಲಿಕ್ ಹಾಕು, ಅಂದರೆ ಹೆಡ್‌ಫೋನಿನಲ್ಲಿ ಒಂದೇ ಸಮ ತಾಳ ಹೇಳೋ ಟಿಕ್ ಟಿಕ್ ಸದ್ದು, ಅದರ ಮೇಲೆ ಡ್ರಮ್ಸ್, ಬೇಸ್, ಗಿಟಾರ್. ದನಿ ಕೊನೆಗೆ. ಅದೇ ಪ್ರಕಾರ ಹನ್ನೊಂದು ರಾತ್ರಿ ಕೂತೆವು. ಏಸಿ ಹಾಕಿದರೆ ಅದರ ಗುಂಯ್ ಸದ್ದು ಮೈಕಿಗೆ ಬರುತ್ತದೆ, ಆರಿಸಿದರೆ ಮೇ ತಿಂಗಳ ಬಳ್ಳಾರಿ. ಅರ್ಧ ಗಂಟೆಗೊಮ್ಮೆ ಗಿಟಾರಿನ ತಂತಿ ಶ್ರುತಿ ಬಿಡೋದು, ಡ್ರಮ್ಮರ್ ಅಂಗಿ ಹಿಂಡಿಕೊಂಡು ಬರೋದು. ಹಂಗೂ ಹಿಂಗೂ ಎಂಟಕ್ಕೂ ಟ್ರ್ಯಾಕು ಆಯ್ತು. ಆಮೇಲೆ ಬುರ್ರಕಥೆ ಅವ್ವನಿಗೆ ಹೇಳಿ ಕಳಿಸಿದೆವು.

ನಮ್ಮ ಕಡೆ ಬುರ್ರಕಥೆ ಅಂದರೆ ಜನಕ್ಕೆ ನೆನಪಾಗೋದು ದರೋಜಿ ಈರಮ್ಮ. ಅವರು ತೀರಿಕೊಂಡಿದ್ದು 2014ರಲ್ಲಿ. ನಮ್ಮ ರೂಮಿಗೆ ಬಂದ ಅವ್ವನೂ ಅದೇ ಬುಡ್ಗ ಜಂಗಮ ಸಮುದಾಯದವರು. ಹೆಗಲಿಗೆ ತಂಬೂರಿ, ಬೆರಳಿಗೆ ಉಂಗುರ, ಅಕ್ಕಪಕ್ಕ ವಾದ್ಯ ಬಾರಿಸುತ್ತ ಸೊಲ್ಲು ಕೂಡಿಸೋ ಇಬ್ಬರು ಹೆಂಗಸರು. ನಾನು ಮೂವರನ್ನೂ ಬೇರೆ ಬೇರೆ ಮೂಲೆಗೆ ಕೂರಿಸಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿದೆ. ಹತ್ತು ನಿಮಿಷ ಆಗಿರಬೇಕು, ಅವ್ವ ಅದನ್ನ ಕಿತ್ತು ಮಡಿಲಲ್ಲಿಟ್ಟುಕೊಂಡರು.

"ತಮ್ಮಾ, ಈ ಟಿಕ್ ಟಿಕ್ ಯಾಕ ಹಾಕ್ತಿ ನನ್ನ ಕಿವ್ಯಾಗ? ಹಾಡಾಕ ಕರಸೀಯೋ, ಗಡಿಯಾರ ಕಾಯಾಕ ಕರಸೀಯೋ?"

ಆಗಲೇ ನಾನು ನಿಲ್ಲಿಸಬೇಕಿತ್ತು. ಇಲ್ಲ, ಹದಿನಾಲ್ಕು ಟೇಕ್ ಮಾಡಿಸಿದೆ. ಅವ್ವನಿಗೆ ತಾಳ ಬರೋದಿಲ್ಲ ಅಂತ ಹುಡುಗರ ಮುಂದೆ ಮೆಲ್ಲಗೆ ಅಂದೂಬಿಟ್ಟೆ. ಆ ಮಾತು ನೆನೆದರೆ ಈಗಲೂ ಮೈ ಮುದುಡುತ್ತದೆ. ಅವರ ತಾಳದಲ್ಲಿ ಏನೂ ಐಬಿರಲಿಲ್ಲ. ಕಥೆಯಲ್ಲಿ ಯುದ್ಧ ಬಂದಾಗ ನಡೆ ಏರುತ್ತೆ, ತಾಯಿ ಅಳುವಾಗ ಇಳಿಯುತ್ತೆ, ಸೊಲ್ಲು ಕೂಡಿಸೋರು ಉಸಿರು ಮುಗಿಸೋ ತನಕ ಮುಂದಿನ ಸಾಲು ಕಾಯುತ್ತೆ. ಆಮೇಲೆ ಅಳೆದು ನೋಡಿದೆ. ನಿಮಿಷಕ್ಕೆ 92 ಪೆಟ್ಟಿನಲ್ಲಿ ಶುರುವಾದ ಹಾಡು 110ರಲ್ಲಿ ಮುಗಿದಿತ್ತು. ನನ್ನ ಕ್ಲಿಕ್ ಮೊದಲಿಂದ ಕೊನೆತನಕ 96.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬೀಟಲ್ಸ್ ತಂಡ 1967ರಲ್ಲಿ ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ 'ಸಾರ್ಜೆಂಟ್ ಪೆಪ್ಪರ್' ಆಲ್ಬಮ್ ಮಾಡಿದ ಬಗೆ ನೆನಪಾಯ್ತು. ಯಾವತ್ತೋ ಓದಿ ಮರೆತಿದ್ದೆ. ತಂಡದ ಜಾರ್ಜ್ ಹ್ಯಾರಿಸನ್ ಬರೆದ 'ವಿದಿನ್ ಯು ವಿದೌಟ್ ಯು' ಹಾಡಿಗೆ ಮಾರ್ಚ್ 15ರಂದು ಮೊದಲು ಕೂತವರು ಲಂಡನ್ನಿನಲ್ಲಿದ್ದ ಭಾರತೀಯ ವಾದ್ಯದವರು. ತಬಲಾ, ತಂಬೂರಿ, ಸ್ವರಮಂಡಲ, ದಿಲ್‌ರುಬಾ. ಎಂಟು ಪಿಟೀಲು, ಮೂರು ಚೆಲ್ಲೋ ಬಂದಿದ್ದು ಏಪ್ರಿಲ್ 3ಕ್ಕೆ. ದಿಲ್‌ರುಬಾ ಎಳೆಯೋ ಮೀಂಡನ್ನ, ಅಂದರೆ ಸ್ವರದಿಂದ ಸ್ವರಕ್ಕೆ ಜಾರೋದನ್ನ, ಆ ಪಿಟೀಲಿನವರು ಹಿಡಿಯೋ ಹಾಗೆ ಬೀಟಲ್ಸ್ ನಿರ್ಮಾಪಕ ಜಾರ್ಜ್ ಮಾರ್ಟಿನ್ ಸ್ವರ ಬರೆದುಕೊಟ್ಟಿದ್ದರು. ಅಂದರೆ ಬಗ್ಗಿದ್ದು ನೋಟ್ಸ್ ನೋಡಿ ನುಡಿಸೋ ಕಡೆಯವರು. ನಾನು ಮಾಡಿದ್ದು ತದ್ವಿರುದ್ಧ.

ಮರುದಿನ ಆ ಮೂರು ಹಾಡಿನ ಡ್ರಮ್ಸು, ಗಿಟಾರು ಎಲ್ಲ ಬದಿಗಿಟ್ಟೆ. ಹುಡುಗರ ಮುಖ ಸಣ್ಣಗಾಯ್ತು. ಆ ರಾತ್ರಿಗಳ ದುಡ್ಡು ನಾನು ತಗೊಳ್ಳಲಿಲ್ಲ. ಉಳಿದ ಐದಕ್ಕೆ ಕ್ಲಿಕ್ ಚೆನ್ನಾಗೇ ಕೂತಿತ್ತು, ಆಗ ಅವನ್ನ ಮುಟ್ಟಲಿಲ್ಲ.

ಅವ್ವನವರನ್ನ ಕೈಮುಗಿದು ಮತ್ತೆ ಕರೆಸಿದೆ. ಈ ಸಲ ಮೂವರೂ ಚಾಪೆ ಮೇಲೆ ಎದುರುಬದುರು ಕೂತರು. ದನಿಗೊಂದು ಮೈಕು, ತಂಬೂರಿಗೊಂದು, ಮೇಲಿಂದ ಒಂದು ಜೋಡಿ. ಹೆಡ್‌ಫೋನ್ ಇಲ್ಲ, ಒಂದರ ಸದ್ದು ಇನ್ನೊಂದರೊಳಗೆ ಬಂದರೆ ಬರಲಿ. ಮೂರು ಹಾಡೂ ಒಂದೇ ಸಂಜೆಗೆ ಮುಗಿದವು. ಕೆಳಗಿನ ಯೂನಿಟ್ಟಿನವರು ಆ ದಿನ ಬೇಗ ಬಾಗಿಲು ಹಾಕಿದ್ದು ನಮ್ಮ ಪುಣ್ಯ.

ಆಮೇಲೆ ಶುರುವಾಯ್ತು ನನ್ನ ಕೂಲಿ. ಅವ್ವನ ಒಂದೊಂದು ಪೆಟ್ಟನ್ನೂ ಸಾಫ್ಟ್‌ವೇರಿನಲ್ಲಿ ಗುರುತು ಹಾಕಿ, ಅವರ ನಡೆಗೆ ತಕ್ಕಂತೆ ಏರಿ ಇಳಿಯೋ ಟೆಂಪೋ ಮ್ಯಾಪ್ ಮಾಡಿದೆ. ಅದಕ್ಕೆ ಎರಡು ದಿನ ಹಿಡೀತು. ಕೆಲವು ಸಾಲಿನ ಕೊನೆಗೆ ಅರ್ಧ ಮಾತ್ರೆ ಹೆಚ್ಚು, ಕೆಲವು ಕಡೆ ಒಂದು ಪೂರ್ತಿ ಕಾಣೆ. ಡ್ರಮ್ಮರ್ ಮೊದಲ ರಾತ್ರಿ ಕೋಲು ಬಿಸಾಕಿ ಕೆಳಗಿಳಿದು ಹೋದ. ಮೂರನೇ ದಿನ ಬಂದವನು ಎಣಿಸೋದು ಬಿಟ್ಟಿದ್ದ, ಕಥೆಯ ಮಾತುಗಳನ್ನ ಬಾಯಿಪಾಠ ಮಾಡ್ಕೊಂಡು ಬಂದಿದ್ದ! ಮಾತಿನ ಜೊತೆ ಬಾರಿಸಿದ, ಕೂತಿತು. ನನ್ನ ಎರಡು ದಿನದ ಮ್ಯಾಪಿಗಿಂತ ಅವನ ಬಾಯಿಪಾಠವೇ ಹೆಚ್ಚು ಕೆಲಸ ಮಾಡಿತು ಅಂತ ನನ್ನ ಲೆಕ್ಕ.

ಪೇಟಿಯ ಎರಡು ಹಾಡಿಗೂ ಇದೇ ಬುದ್ಧಿ ಬಳಸಿದೆ. ಹಳೇ ಪೇಟಿಯ ರೀಡು, ಅಂದರೆ ಸ್ವರ ಹೊರಡಿಸೋ ಲೋಹದ ಪಟ್ಟಿ, ಗಿಟಾರಿನ ಮಾಮೂಲಿ ಶ್ರುತಿಯಾದ 440 ಹರ್ಟ್ಸ್‌ಗಿಂತ ಮೇಲಿತ್ತು, 446ರ ಹತ್ತಿರ. ರೀಡು ಕೆರೆದು ಶ್ರುತಿ ಇಳಿಸಬಹುದು, ಆದರೆ ಪೇಟಿ ಮೇಷ್ಟ್ರು ಒಪ್ಪೋರಲ್ಲ, ಒಪ್ಪಲೂಬಾರದು. ಗಿಟಾರಿನ ಕಿವಿ ಹಿಂಡೋದು ಒಂದು ನಿಮಿಷದ ಕೆಲಸ. ಟ್ಯೂನರನ್ನೇ 446ಕ್ಕೆ ಇಟ್ಟು ಆ ಎರಡಕ್ಕೂ ಗಿಟಾರು, ಬೇಸು ಮತ್ತೆ ನುಡಿಸಿದರು. ಈಗ ಯಾರು ಫೋನ್ ಮಾಡಿದರೂ ನನ್ನ ಮೊದಲ ಪ್ರಶ್ನೆ, ನಿಮ್ಮಲ್ಲಿ ಬಗ್ಗದೇ ಇರೋದು ಯಾವುದು ಅಂತ. ಅದನ್ನ ಮೊದಲ ದಿನವೇ ಕರೀತೀನಿ.

ಅವ್ವನಿಗೆ ಕೀಪ್ಯಾಡ್ ಫೋನು. ಮೂರೂ ಹಾಡನ್ನ ಮೆಮೊರಿ ಕಾರ್ಡಿಗೆ ಹಾಕಿ, ಇಲ್ಲೇ ಒಮ್ಮೆ ಕೇಳಿಸಿದೆ. ಕಣ್ಣುಮುಚ್ಚಿ ಕೇಳಿದರು, ತೊಡೆ ಮೇಲೆ ಬೆರಳು ಆಡ್ತಿತ್ತು. ಮುಗಿದ ಮೇಲೆ ಸೆರಗು ಸರಿಮಾಡಿಕೊಂಡು ಎದ್ದರು.

"ಚಲೋ ಬಂದೈತಪಾ. ಆ ಡ್ರಮ್ಮಿನ ಹುಡುಗಗ ಮಾತ್ರ ಹೇಳು, ಕಡೀಕ ಸ್ವಲ್ಪ ಓಡ್ತಾನ."