ಕೋಟೆಗೆ ಕಾನೂನಿದೆ, ಮುರಕಲ್ಲ ಪಾರೆಗೆ? ಕಾಸರಗೋಡಿನಲ್ಲೊಂದು ಸುತ್ತು

ಕಾಸರಗೋಡಿಗೆ ಹೋಗುವವರು ಸಾಮಾನ್ಯವಾಗಿ ಅನಂತಪುರದಲ್ಲಿ ಕೈಮುಗಿದು, ಮಧೂರಿನಲ್ಲಿ ಅಪ್ಪ ಪ್ರಸಾದ ತಗೊಂಡು, ಸಂಜೆ ಬೇಕಲ ಕೋಟೆಯ ಮೇಲೆ ನಿಂತು ಫೋಟೋ ಹೊಡೆದು ವಾಪಸ್ ಬರುತ್ತಾರೆ. ಒಳ್ಳೆಯ ಸುತ್ತು ಅದು. ನಾನೂ ಈ ಸಲ ಅದೇ ದಾರಿ ಹಿಡಿದೆ. ಆದರೆ ನನಗೆ ನೋಡಬೇಕಿದ್ದದ್ದು ಈ ಜಾಗಗಳ ನಡುವಿನ ನೆಲ. ಗುಡ್ಡ, ಪದವು ಅಂದರೆ ಗುಡ್ಡದ ಮೇಲಿನ ಕಲ್ಲುಬಯಲು, ಗದ್ದೆ, ಹೊಳೆ. ಅದರ ಮೇಲೆ ಈಗ ಏನೇನು ಏಳುತ್ತಿದೆ, ಏನೇನು ಹೋಗುತ್ತಿದೆ, ‘ಇಲ್ಲಿ ಬೇಡ, ಅಲ್ಲಿ ಕಟ್ಟಿ’ ಎಂದು ಹೇಳುವ ಅಧಿಕಾರ ಯಾರಿಗಿದೆ ಎಂಬುದು ನನ್ನ ತಲೆಯಲ್ಲಿತ್ತು. ನೀರ್ಚಾಲು ಕಡೆಯ ಚಿಕ್ಕಪ್ಪ ಜೊತೆಗೆ ಬಂದರು. ಅಡಿಕೆ ತೋಟದವರು, ಊರಿನ ಪ್ರತಿ ತೋಡು, ಪ್ರತಿ ಕಟ್ಟ ಗೊತ್ತಿರುವವರು.

ತುಳುವರ ಸೋಣ ತಿಂಗಳು, ಆಗಸ್ಟ್ ಸೆಪ್ಟೆಂಬರಿನ ಹೊತ್ತು. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ತಲಪಾಡಿ ದಾಟಿದರೆ ಚೆಂಗಳದವರೆಗೆ 39 ಕಿಲೋಮೀಟರ್ ಆರು ಪಥದ ಹೆದ್ದಾರಿ. ಮಂಗಳೂರಿನ ಆಸ್ಪತ್ರೆಗೆ ಓಡಬೇಕಾದ ಕಾಸರಗೋಡಿನ ಜನಕ್ಕೆ ಈ ರಸ್ತೆ ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಸ್ತೆಗಾಗಿ ಗುಡ್ಡ ಕತ್ತರಿಸಿದ ಕಡೆ ಒಮ್ಮೆ ಗಾಡಿ ನಿಧಾನ ಮಾಡಿ ನೋಡಿ. ಮೇಲೆ ಗಟ್ಟಿ ಕೆಂಪು ಕಲ್ಲಿನ ಪದರ, ಕೆಳಗೆ ಬರುತ್ತಾ ಮೆತ್ತಗೆ, ಇನ್ನೂ ಕೆಳಗೆ ಬಿಳಿ ಹಳದಿ ಜೇಡಿಮಣ್ಣು. ಆ ಮಣ್ಣಿನ ಮೇಲಿಂದ ನೀರು ಒಸರುತ್ತಿರುತ್ತದೆ. ಕಾಸರಗೋಡಿನ ಅರ್ಧ ಕತೆ ಆ ಕತ್ತರಿಸಿದ ಗೋಡೆಯಲ್ಲೇ ಇದೆ. ಮೇಲಿನ ಕೆಂಪು ಕಲ್ಲು, ಅಂದರೆ ಮುರಕಲ್ಲು, ಮಳೆನೀರನ್ನು ಸ್ಪಂಜಿನ ಹಾಗೆ ಹೀರುತ್ತದೆ, ಕೆಳಗಿನ ಜೇಡಿ ಅದನ್ನು ತಡೆದು ನಿಲ್ಲಿಸುತ್ತದೆ. ಈ ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬರುತ್ತದೆ, ಆದರೂ ಮಾರ್ಚ್ ಬಂದರೆ ಬಾವಿ ಬತ್ತುವ ಊರುಗಳಿವೆ. ಗುಡ್ಡದ ಹೊಟ್ಟೆಯಲ್ಲಿ ಎಷ್ಟು ನಿಂತಿತು ಅನ್ನುವುದರ ಮೇಲೆ ಬೇಸಗೆ ನಿಂತಿದೆ.

ಕುಂಬಳೆಯಿಂದ ಒಳಗೆ ತಿರುಗಿ ಅನಂತಪುರಕ್ಕೆ ಹೋದೆವು. ಕೆರೆಯ ನಡುವೆ ಗುಡಿ, ದಾಟಲು ಸಣ್ಣ ಸೇತುವೆ. ಈ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಊರಿಗೆ ಊರೇ ಬಂದು ನಮಸ್ಕಾರ ಮಾಡಿತ್ತು. ಮರು ವರ್ಷ ನವೆಂಬರಿನಲ್ಲಿ ಇನ್ನೊಂದು ಮೊಸಳೆ ಕೆರೆಯಲ್ಲಿ ಕಾಣಿಸಿತು. ಹೆಚ್ಚಿನವರು ಕೆರೆ ನೋಡಿ, ಗುಹೆ ನೋಡಿ ಗಾಡಿ ಹತ್ತುತ್ತಾರೆ. ನೀವು ಹೊರಗಿನ ಪದವಿನಲ್ಲಿ ಅರ್ಧ ಗಂಟೆ ಸುಮ್ನೆ ನಡೆಯಿರಿ. ಈ ಕೆರೆ ಇರುವುದೇ ಮುರಕಲ್ಲಿನ ನೆಲದಲ್ಲಿ. ಗುಡಿಯ ಸೌಂದರ್ಯ ಅಂತ ನಾವು ಹೇಳುವುದು ಆ ಕಲ್ಲು ಹಿಡಿದಿಟ್ಟ ನೀರಿನ ಸೌಂದರ್ಯ ಕೂಡ ಹೌದು.

ಪದವಿನ ಮೇಲೆ ಮಳೆಗಾಲದಲ್ಲಿ ಅಲ್ಲಲ್ಲಿ ಪಳ್ಳಗಳಾಗುತ್ತವೆ. ಬೇಸಗೆಯಲ್ಲಿ ಬಂದರೆ ಕಪ್ಪಗೆ ಸುಟ್ಟ ಕಲ್ಲಿನ ತಗ್ಗು, ಅಷ್ಟೇ. ಈಗ ಮೊಣಕಾಲು ಮುಳುಗುವಷ್ಟು ತಿಳಿನೀರು, ಅಂಚಿಗೆ ಹುಲ್ಲು. ಬಗ್ಗಿ ಕೂತು ನೋಡಿದೆ. ಉಗುರಿನಷ್ಟೂ ದೊಡ್ಡದಲ್ಲದ ನೀಲಿ ಹೂಗಳು, ಸಾವಿರಾರು. ಮಲಯಾಳದವರು ಇದಕ್ಕೆ ಕಾಕ್ಕಪ್ಪೂವು ಅನ್ನುತ್ತಾರೆ, ಓಣಂ ಹೂವಿನ ರಂಗೋಲಿಗೆ ಮಕ್ಕಳು ಬುಟ್ಟಿ ಹಿಡಿದು ಆರಿಸುವ ಹೂ. ಚೆಂದಕ್ಕೆ ಮೀರಿದ ವಿಷಯ ಇದರ ಬೇರಿನ ಕಡೆ ಇದೆ. ಕಲ್ಲಿನ ಮೇಲೆ ಮಣ್ಣು ಒಂದು ಬೆರಳಿನಷ್ಟೂ ಇಲ್ಲ, ಸಾರವೂ ಇಲ್ಲ. ಹಾಗಾಗಿ ಈ ಗಿಡ ಒದ್ದೆ ಮಣ್ಣಿನೊಳಗೆ ಸೂಜಿಮೊನೆಯಂಥ ಪುಟ್ಟ ಚೀಲಗಳನ್ನು ಇಟ್ಟುಕೊಂಡಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ ಹತ್ತಿರ ಬಂದು ತಾಗಿದರೆ ಚೀಲ ಥಟ್ಟನೆ ಒಳಗೆ ಎಳೆದುಕೊಳ್ಳುತ್ತದೆ. ಕೀಟ ತಿಂದು ಬದುಕುವ ಗಿಡ! ಪಕ್ಕದಲ್ಲೇ ಬಿಳಿ ಗುಂಡಿಯ ಹಾಗೆ ತಲೆ ಎತ್ತಿದ ಇನ್ನೊಂದು ಹುಲ್ಲು. ಎರಡು ತಿಂಗಳು ಬಿಟ್ಟು ಬಂದರೆ ಇದ್ಯಾವುದೂ ಇರುವುದಿಲ್ಲ, ಬೀಜವಾಗಿ ಕಲ್ಲಿನ ಸಂದಿಯಲ್ಲಿ ಮುಂದಿನ ಮಳೆಗೆ ಕಾಯುತ್ತದೆ.

ಇದೇ ಪದವಿನಲ್ಲಿ ಕೈಗಾರಿಕಾ ಪ್ರದೇಶವೂ ಇದೆ. ಕೆಲಸ ಬೇಕು, ಜಿಲ್ಲೆಯಲ್ಲಿ ಕಾರ್ಖಾನೆ ಕಡಿಮೆ, ಒಪ್ಪುತ್ತೇನೆ. ಆದರೆ ಕಾರ್ಖಾನೆಗೆ ಜಾಗ ಹುಡುಕುವಾಗ ಎಲ್ಲರ ಕಣ್ಣು ಮೊದಲು ಬೀಳುವುದು ಪಾರೆಯ ಮೇಲೆಯೇ, ಅಂದರೆ ಈ ಬರಿಗಲ್ಲಿನ ನೆಲದ ಮೇಲೆಯೇ. ಯಾಕೆ? ಮರವಿಲ್ಲ, ಬೆಳೆಯಿಲ್ಲ, ದಾಖಲೆಯಲ್ಲಿ ಪಾಳು ನೆಲ. ಚಿಕ್ಕಪ್ಪ ಹೇಳಿದ್ದು ಇಷ್ಟೇ: ‘ಪಾಳು ಅಂತ ಬರೆದವನು ಬೇಸಗೆಯಲ್ಲಿ ಬಂದಿರಬೇಕು ಮಾರಾಯ. ಆಟಿ ತಿಂಗಳ ಮಳೆಯಲ್ಲಿ ಬಂದಿದ್ದರೆ ಹಾಗೆ ಬರೀತಿರಲಿಲ್ಲ.’

ಅಲ್ಲಿಂದ ಬೇಳ ದಾಟಿ ಒಳಗಿನ ದಾರಿ. ಒಂದು ಕೆಂಪುಕಲ್ಲು ಕೋರೆ ಸಿಕ್ಕಿತು. ಮಳೆಗೆ ಕೆಲಸ ನಿಂತಿತ್ತು. ಯಂತ್ರದ ಬ್ಲೇಡು ಹೋದ ಗೆರೆಗಳು ಗೋಡೆಯಲ್ಲಿ ಸಾಲಾಗಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದು, ತಳದಲ್ಲಿ ಕೆಂಪು ನೀರು ನಿಂತಿದೆ. ಪಾರೆ ಇದ್ದ ಕಡೆ ಈಗ ಆಳದ ಚೌಕ. ಇದರ ಬಗ್ಗೆ ಸುಲಭದ ಮಾತು ಆಡಲು ನನಗೆ ಮನಸ್ಸಿಲ್ಲ. ಚಿಕ್ಕಪ್ಪನ ಮನೆಯೂ ಇದೇ ಕಲ್ಲಿನದ್ದು, ಬೇಸಗೆಯಲ್ಲಿ ಫ್ಯಾನ್ ಇಲ್ಲದೆ ಮಲಗಬಹುದು. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕಲ್ಲಿನ ಗುಣವನ್ನು ಫ್ರಾನ್ಸಿಸ್ ಬುಕಾನನ್ 1800ರ ಆಸುಪಾಸಿನಲ್ಲಿ ಮಲಬಾರ್, ಕೆನರಾ ಸುತ್ತುವಾಗ ಗಮನಿಸಿ ಬರೆದಿಟ್ಟ. ಅವನು ನೋಡಿದ ಅಂಗಾಡಿಪ್ಪುರಂ ಊರು ಮಲಪ್ಪುರಂ ಜಿಲ್ಲೆಯಲ್ಲಿದೆ, ಅಲ್ಲಿನ ಮುರಕಲ್ಲು ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದೇ ಕಲ್ಲು ಕಾಸರಗೋಡಿನಲ್ಲಿ ಲಾರಿ ಲೆಕ್ಕದಲ್ಲಿ ಹೋಗುತ್ತದೆ. ಕಲ್ಲು ಕಡಿಯಲೇಬಾರದು ಅನ್ನುವುದು ನ್ಯಾಯವಲ್ಲ. ಎಲ್ಲಿ ಕಡಿಯಬಹುದು, ಎಲ್ಲಿ ಮುಟ್ಟಬಾರದು ಎಂದು ಮೊದಲೇ ಗೆರೆ ಎಳೆಯದೆ ಇರುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಯಾಕೆ ಅಂತ ಚಿಕ್ಕಪ್ಪನ ತೋಟದ ಸುರಂಗದಲ್ಲಿ ತಿಳಿಯಿತು. ನೀರಿಗಾಗಿ ಗುಡ್ಡದ ಬದಿಗೆ ಅಡ್ಡಕ್ಕೆ ತೋಡಿದ ಗೂಡು, ಅಗಲ ಎರಡೂವರೆ ಅಡಿಯ ಹತ್ತಿರ, ಎತ್ತರ ಒಬ್ಬ ಮನುಷ್ಯ ನಿಲ್ಲುವಷ್ಟು. ಟಾರ್ಚ್ ಹಿಡಿದು ಒಳಗೆ ಹೋದೆವು. ಹತ್ತು ಹೆಜ್ಜೆಗೆ ಹೊರಗಿನ ಮಳೆಯ ಸದ್ದು ನಿಂತಿತು. ಗೋಡೆಯಲ್ಲಿ ಪಿಕ್ಕಾಸಿನ ಏಟುಗಳು ಇನ್ನೂ ಹಸಿಯಾಗಿ ಕಾಣುತ್ತವೆ, ಪ್ರತಿಯೊಂದೂ ಒಬ್ಬನ ಭುಜದ ಬಲ. ಕೊನೆಯಲ್ಲಿ ಸಂದಿಗಳಿಂದ ನೀರು ಇಳಿದು ಕಾಲಡಿ ತಣ್ಣಗೆ ಹರಿಯುತ್ತದೆ. ಬಾಯಲ್ಲಿ ಸಣ್ಣ ಮಣ್ಣಿನ ಕಟ್ಟೆ, ಅಲ್ಲಿಂದ ಪೈಪ್, ಪೈಪಿನಿಂದ ಟ್ಯಾಂಕಿಗೆ. ಹಿಂದೆ ಪೈಪಿನ ಜಾಗದಲ್ಲಿ ಅಡಿಕೆ ಮರದ ದಂಬೆ ಇತ್ತಂತೆ. ಪಂಪ್ ಇಲ್ಲ, ಕರೆಂಟು ಇಲ್ಲ. ತೋಡುವಾಗ ದೀಪ ಹಚ್ಚಿಟ್ಟುಕೊಳ್ಳುತ್ತಿದ್ದರು, ದೀಪ ಮಂಕಾದರೆ ಉಸಿರಾಡುವ ಗಾಳಿ ಕಡಿಮೆಯಾಯಿತು ಅಂತ ಲೆಕ್ಕ. ಈ ಕಡೆಯಿಂದ ಗಡಿ ದಾಟಿದರೆ ಅಡ್ಯನಡ್ಕದಲ್ಲಿ ಒಬ್ಬರೇ ಸುರಂಗ ತೋಡಿ ಬರಡು ಗುಡ್ಡವನ್ನು ತೋಟ ಮಾಡಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿ ಬಂದದ್ದು ತುಂಬಾ ಸಂತೋಷ. ಆದರೆ ಸುರಂಗಕ್ಕೆ ನೀರು ಬರುವುದು ಅದರ ಬಾಯಿಂದ ಅಲ್ಲ, ತಲೆಯ ಮೇಲಿನ ಗುಡ್ಡದಿಂದ. ಆ ಗುಡ್ಡ ಇನ್ನೊಬ್ಬರ ಹೆಸರಲ್ಲಿದ್ದು ಅಲ್ಲಿ ಕೋರೆ ಬಿದ್ದರೆ, ಅಥವಾ ಜೆಸಿಬಿ ಬಂದು ಸೈಟಿಗೆ ಮಟ್ಟ ಮಾಡಿದರೆ, ಕೆಳಗಿನ ಸುರಂಗ ಒಣಗುತ್ತದೆ. ಸುರಂಗದ ಯಜಮಾನ ಯಾರ ಹತ್ತಿರ ಹೇಳಬೇಕು?

ಇಲ್ಲೇ ಚಿಕ್ಕಪ್ಪ ಕುಮ್ಕಿಯ ಮಾತು ತೆಗೆದರು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಕಾಲದಲ್ಲಿ, ಅಂದರೆ 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರುವ ಮೊದಲು, ಕೃಷಿಯ ವರ್ಗ ಜಾಗಕ್ಕೆ, ಅಂದರೆ ಪಟ್ಟಾ ಇರುವ ಸ್ವಂತ ಜಾಗಕ್ಕೆ, ತಾಗಿ 100 ಗಜದೊಳಗಿನ ಸರಕಾರಿ ನೆಲದಲ್ಲಿ ಕೃಷಿಕನಿಗೆ ಕುಮ್ಕಿ ಹಕ್ಕಿತ್ತು. ಸೊಪ್ಪು ಕಡಿಯಬಹುದು, ಕಟ್ಟಿಗೆ ತರಬಹುದು, ದನ ಮೇಯಿಸಬಹುದು. ಒಡೆತನ ಮಾತ್ರ ಸರಕಾರದ್ದು. ತೋಟದ ಸುತ್ತ ಗುಡ್ಡ ಇರಲೇಬೇಕು, ಅದಿಲ್ಲದೆ ತೋಟ ಇಲ್ಲ ಅನ್ನುವ ತಿಳಿವಳಿಕೆ ಕಂದಾಯದ ಕಾಗದದಲ್ಲೇ ಇತ್ತು. ನನಗೆ ಇದು ಬಹಳ ದೊಡ್ಡ ವಿಷಯ ಅನ್ನಿಸಿತು. ಪರಂಪರೆ ಉಳಿಸುವುದು ಎಂದರೆ ಹೊಸದಾಗಿ ಎಲ್ಲಿಂದಲೋ ತರಬೇಕಾದ ಕಲ್ಪನೆ ಅಲ್ಲ, ಈ ನೆಲದಲ್ಲೇ ಅದರ ಲೆಕ್ಕ ಇತ್ತು.

ಮಧೂರಿಗೆ ಹೋದಾಗ ಮಧುವಾಹಿನಿ ತುಂಬಿ ಹರಿಯುತ್ತಿದ್ದಳು. ಜೋರು ಮಳೆಗೆ ಹೊಳೆ ದೇವಸ್ಥಾನದ ಅಂಗಳಕ್ಕೇ ಬರುವುದುಂಟು. ನೀರು ಹರಡಿಕೊಳ್ಳಲು ಪಕ್ಕದಲ್ಲಿ ಗದ್ದೆ ಬೇಕು. ಗದ್ದೆಗೆ ಮಾತ್ರ ಕೇರಳದಲ್ಲಿ ಗಟ್ಟಿ ಕಾನೂನಿದೆ, 2008ರ ಭತ್ತದ ಗದ್ದೆ ಮತ್ತು ಜೌಗು ನೆಲ ಸಂರಕ್ಷಣೆ ಕಾಯ್ದೆ. ಪಂಚಾಯತು ಅಧ್ಯಕ್ಷರು, ಕೃಷಿ ಅಧಿಕಾರಿ, ವಿಲೇಜ್ ಆಫೀಸರ್, ರೈತರ ಪ್ರತಿನಿಧಿಗಳು ಕೂತು ಯಾವುದು ಗದ್ದೆ ಎಂದು ಪಟ್ಟಿ ಇಡುತ್ತಾರೆ. ಮಣ್ಣು ತುಂಬಿಸುವ ಮೊದಲು ಅವರನ್ನು ದಾಟಬೇಕು. ಇದೇ ರೀತಿ ಪಾರೆಗೆ ಒಂದು ಪಟ್ಟಿ ಯಾಕಾಗಬಾರದು?

‘ಸರಿ, ಪಾರೆ ಮುಟ್ಟಬಾರದು ಅಂದ್ರೆ ಪಾರೆಯವನಿಗೆ ಎಂತ ಕೊಡ್ತಾರೆ?’ ಚಿಕ್ಕಪ್ಪ ಕೇಳಿದ್ದು ನ್ಯಾಯವಾದ ಪ್ರಶ್ನೆ. ಗದ್ದೆ ಉಳಿಸಿಕೊಂಡವರಿಗೆ ಕೇರಳ ಸರಕಾರ 2020ರಲ್ಲಿ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ರಾಯಲ್ಟಿ ಶುರು ಮಾಡಿತು. ಮೊತ್ತ ಸಣ್ಣದು. ಆದರೆ ಒಬ್ಬನ ಜಾಗ ಊರಿಗೆಲ್ಲ ನೀರು ಕೊಡುತ್ತದೆ, ಅದಕ್ಕೆ ಊರು ಅವನಿಗೆ ಕೊಡಬೇಕು ಅನ್ನುವುದನ್ನು ಸರಕಾರವೇ ಒಪ್ಪಿಕೊಂಡ ಹಾಗಾಯಿತು. ಪಳ್ಳ ಇರುವ, ಸುರಂಗಕ್ಕೆ ನೀರುಣಿಸುವ ಪಾರೆಗೂ ಅದೇ ಲೆಕ್ಕ ಸಲ್ಲಬೇಕು, ಇನ್ನೂ ಜಾಸ್ತಿಯೇ ಸಲ್ಲಬೇಕು.

ಚಂದ್ರಗಿರಿ ಕೋಟೆಗೆ ಮೇಲ್ಪರಂಬದ ಕಡೆಯಿಂದ ಹತ್ತಿದೆವು. ಕೆಳಗೆ ಹೊಳೆ, ರೈಲು ಸೇತುವೆ, ತೆಂಗಿನ ತೋಪು, ಆಚೆ ಸಮುದ್ರ. ಒಂದು ಕಾಲಕ್ಕೆ ತುಳುನಾಡಿಗೂ ಮಲಯಾಳಕ್ಕೂ ಗಡಿ ಎಂದು ಹೇಳುತ್ತಿದ್ದ ಹೊಳೆ ಇದು. ಕೋಟೆ ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ, ಕಲ್ಲು ಅದೇ ಮುರಕಲ್ಲು.

ಬೇಕಲದಲ್ಲಿ ಮಳೆ ಬಿಟ್ಟಿತ್ತು. 1650ರ ಹೊತ್ತಿಗೆ ಎದ್ದ ಕೋಟೆ, 40 ಎಕರೆ, ಕೇರಳದ ಅತಿ ದೊಡ್ಡ ಕೋಟೆ. ಬಾಗಿಲಲ್ಲಿ ಮುಖ್ಯಪ್ರಾಣನ ಗುಡಿ, ನಡುವೆ ಇಳಿಜಾರು ದಾರಿಯ ವೀಕ್ಷಣಾ ಗೋಪುರ. ಪುರಾತತ್ವ ಇಲಾಖೆಯ ರಕ್ಷಣೆ ಇದೆ. 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ಅನುಮತಿ ಬೇಕು. ಗೋಪುರದ ಮೇಲೆ ನಿಂತರೆ ಈ ಕಾನೂನಿನ ಬೆಲೆ ಗೊತ್ತಾಗುತ್ತದೆ. ಕಣ್ಣಿಗೆ ಅಡ್ಡ ಬರುವ ಬಹುಮಹಡಿ ಕಟ್ಟಡ ಇಲ್ಲ, ತೆಂಗು ಮತ್ತು ಕಡಲು. ಆದರೆ 300 ಮೀಟರಿಗೆ ಗೆರೆ ಮುಗಿಯುತ್ತದೆ. ಕೋಟೆಗೆ ಕಲ್ಲು ಕೊಟ್ಟ ಗುಡ್ಡ, ನೀರು ಕೊಟ್ಟ ಹೊಳೆ, ಅಕ್ಕಿ ಕೊಟ್ಟ ಬಯಲು ಎಲ್ಲವೂ ಗೆರೆಯ ಹೊರಗೆ.

ಇನ್ನೊಂದು ವಿಷಯವೂ ಬೇಕಲದಲ್ಲೇ ಕಾಣುತ್ತದೆ. 1992ರಲ್ಲಿ ಇದನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶ ಮಾಡಿದರು, 1995ರಲ್ಲಿ ಬೇಕಲ್ ರಿಸಾರ್ಟ್ಸ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಬಂತು. ಅಜಾನೂರು, ಪಳ್ಳಿಕ್ಕರೆ, ಉದುಮ, ಚೆಮ್ನಾಡು ಹೀಗೆ ನಾಲ್ಕು ಪಂಚಾಯತು ಸೇರಿಸಿ, ರಿಸಾರ್ಟು ಎಲ್ಲೆಲ್ಲಿ ಎಂದು ಮೊದಲೇ ಜಾಗ ಗುರುತಿಸಿದರು. ಪ್ರವಾಸಿಗರಿಗಾಗಿ ನಾಲ್ಕು ಪಂಚಾಯತನ್ನು ಒಂದೇ ನೆಲವೆಂದು ನೋಡಲು ಆಗುತ್ತದೆ ಅಂದ ಮೇಲೆ ಸುರಂಗ, ಪಳ್ಳ, ಗದ್ದೆ, ಗುಡಿಗಾಗಿ ಕುಂಬಳೆ, ಬದಿಯಡ್ಕ, ಮಧೂರು ಕಡೆಯ ಪಂಚಾಯತುಗಳನ್ನು ಸೇರಿಸಿ ನೋಡಲು ಖಂಡಿತ ಆಗುತ್ತದೆ, ಅಲ್ವಾ? ಮನೆ ಕಟ್ಟಲು ಪರ್ಮಿಟ್ ಕೊಡುವುದು ಪಂಚಾಯತೇ. 2002ರ ಜೀವವೈವಿಧ್ಯ ಕಾಯ್ದೆಯ ಸಮಿತಿ, ದಾಖಲೆ ಪುಸ್ತಕ ಇರುವುದೂ ಅಲ್ಲೇ, ಅದೇ ಕಾಯ್ದೆಯಲ್ಲಿ ರಾಜ್ಯ ಸರಕಾರ ಸ್ಥಳೀಯರನ್ನು ಕೇಳಿ ಒಂದು ಜಾಗವನ್ನು ಪಾರಂಪರಿಕ ತಾಣ ಎಂದು ಘೋಷಿಸಲು ಅವಕಾಶವಿದೆ. ಇರುವ ಕಾನೂನಿನಲ್ಲೇ ಅರ್ಧ ದಾರಿ ಹೋಗಬಹುದು. ಬೇಕಿರುವುದು ನಕಾಶೆ: ಯಾವ ಗುಡ್ಡದ ಕೆಳಗೆ ಯಾರ ಸುರಂಗ, ಯಾವ ಪದವಿನಲ್ಲಿ ಪಳ್ಳ.

ಚಿಕ್ಕಪ್ಪ ಅವರ ವಾರ್ಡಿನ ಸುರಂಗಗಳನ್ನು ಬರೆಯಲು ಶುರು ಮಾಡಿದ್ದಾರೆ. ಮನೆ ಹೆಸರು, ನೀರು ಯಾವ ತಿಂಗಳವರೆಗೆ ಬರುತ್ತದೆ, ಮೇಲಿನ ಗುಡ್ಡ ಯಾರದ್ದು. ಮುಂದಿನ ಗ್ರಾಮಸಭೆಗೆ ಅದನ್ನು ಕೊಂಡುಹೋಗುತ್ತಾರೆ. ನಾನು ಫೋನಿನಲ್ಲಿ ಜಾಗ ಗುರುತು ಮಾಡಿ ಕೊಡುವ ಕೆಲಸ ತಗೊಂಡಿದ್ದೇನೆ. ಆ ಕಡೆ ಮನೆಯಿರುವವರು ನಿಮ್ಮ ವಾರ್ಡಿನದ್ದೂ ಬರೆದಿಡಿ. ನೋಡಲು ಹೋಗುವವರು ಓಣಂ ಆಸುಪಾಸಿನಲ್ಲೇ ಹೋಗಿ, ಪದವಿನ ಮೇಲೆ ಬೈಕು ಕಾರು ಹತ್ತಿಸಬೇಡಿ, ಸುರಂಗದೊಳಗೆ ಮನೆಯವರನ್ನು ಕೇಳದೆ, ಜೊತೆಗೆ ಯಾರೂ ಇಲ್ಲದೆ ಇಳಿಯಬೇಡಿ.